ಮಲೆನಾಡಿನಲ್ಲಿ ಬೇಸ್ ಗಿಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ರಸಮಂಜರಿ ತಂಡಗಳ ಜೊತೆ ನಾನು ಬೇಸ್ ನುಡಿಸುತ್ತೇನೆ. ಭಾನುವಾರ ನಾಲ್ಕಾರು ಜನ ಮನೆಗೆ ಬಂದು ಕಲಿಯುತ್ತಾರೆ. ಸಾಗರ, ತೀರ್ಥಹಳ್ಳಿ, ಹೊಸನಗರದಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಪ್ರಶ್ನೆಗಳು ಹೆಚ್ಚೂ ಕಡಿಮೆ ಅವೇ. ಪ್ರತಿ ಸಲ ಹೇಳಿ ಹೇಳಿ ಸುಸ್ತಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಮಳೆಗಾಲದ ಪ್ರಶ್ನೆಗೆ ಉತ್ತರ ಉದ್ದ ಇದೆ. ನಮ್ಮ ಕಡೆ ಅದೇ ದೊಡ್ಡ ತಲೆನೋವು.

ಬೇಸ್ ಗಿಟಾರ್‌ಗೂ ಮಾಮೂಲಿ ಗಿಟಾರ್‌ಗೂ ಏನು ವ್ಯತ್ಯಾಸ?

ನಾಲ್ಕು ದಪ್ಪ ತಂತಿ, ಉದ್ದನೆಯ ನೆಕ್ (ತಂತಿ ಒತ್ತುವ ಹಿಡಿ), ಒಂದು ಸ್ಥಾಯಿ ಕೆಳಗಿನ ನಾದ. ದಪ್ಪ ತಂತಿಯಿಂದ ಶುರು ಮಾಡಿದರೆ ಇ, ಎ, ಡಿ, ಜಿ. ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಅಷ್ಟು ಕೆಳಗಿನ ನಾದ ಹೊರಡುವುದೇ ಇಲ್ಲ. ಫೋನ್‌ನಲ್ಲಿ ಮಾತ್ರ ಹಾಡು ಕೇಳುವ ಎಷ್ಟೋ ಜನಕ್ಕೆ ಹಾಡಿನಲ್ಲಿ ಬೇಸ್ ಅಂತ ಒಂದು ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಒಂದು ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ನಿಮಗೆ ಬಾಯಿಪಾಠ ಬರುವ ಹಳೆಯ ಹಾಡು ಕೇಳಿ. ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುತ್ತದೆ.

ಇದಕ್ಕಿಂತ ಮೊದಲು ಇದ್ದದ್ದು ಆಳೆತ್ತರದ ಡಬಲ್ ಬೇಸ್. ಅದನ್ನು ಹೊತ್ತು ತಿರುಗುವುದೇ ಒಂದು ಕೆಲಸ. 1951ರಲ್ಲಿ ಲಿಯೋ ಫೆಂಡರ್ ಅವರ ಕಂಪನಿ ಪ್ರಿಸಿಷನ್ ಬೇಸ್ ತಂದಿತು. ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಗೆರೆ) ಇರುವುದರಿಂದ ಸ್ವರ ಕರಾರುವಾಕ್ಕಾಗಿ ಸಿಗುತ್ತದೆ ಅಂತ ಆ ಹೆಸರು. 1960ರಲ್ಲಿ ಜಾಝ್ ಬೇಸ್ ಬಂತು. ಇವತ್ತಿಗೂ ಅಂಗಡಿಯಲ್ಲಿ ನೇತುಹಾಕಿರುವ ಬೇಸ್‌ಗಳಲ್ಲಿ ಬಹುಪಾಲು ಈ ಎರಡರ ಮಕ್ಕಳು ಮೊಮ್ಮಕ್ಕಳೇ.

ಮೊದಲು ಗಿಟಾರ್ ಕಲಿತು ಆಮೇಲೆ ಬೇಸ್‌ಗೆ ಬರಬೇಕಾ?

ಬೇಡ. ಸೀದಾ ಬೇಸ್ ಹಿಡಿಯಿರಿ. ಗಿಟಾರ್‌ನಿಂದ ಬಂದವರಿಗೆ ಒಂದು ಚಟ ಇರುತ್ತದೆ: ಖಾಲಿ ಜಾಗ ಕಂಡಲ್ಲೆಲ್ಲ ಏನಾದರೂ ತುಂಬುವುದು. ಅದನ್ನು ಬಿಡಿಸಲು ನನಗೆ ಆರು ತಿಂಗಳು ಹಿಡಿಯುತ್ತದೆ. ಮೃದಂಗವೋ ತಬಲಾವೋ ಸ್ವಲ್ಪ ಕಲಿತವರು ಇದ್ದರೆ ಅವರೇ ಬೇಗ ಹಿಡಿಯುತ್ತಾರೆ.

ನನ್ನ ಬೆರಳು ಸಣ್ಣ. ಆಗುತ್ತದಾ?

ಆಗುತ್ತದೆ. ಸಾಮಾನ್ಯ ಬೇಸ್‌ನಲ್ಲಿ ತಂತಿಯ ಕಂಪಿಸುವ ಉದ್ದ 34 ಇಂಚು. 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್‌ಗಳೂ ಇವೆ. ಹೈಸ್ಕೂಲ್ ಮಕ್ಕಳಿಗೆ ಅದೇ ಆರಾಮ. 34 ಇಂಚಿನದೇ ಕೈಯಲ್ಲಿದ್ದರೂ ಹೆದರಬೇಡಿ. ಕೆಳಗಿನ ಫ್ರೆಟ್‌ಗಳಲ್ಲಿ ನಾಲ್ಕು ಬೆರಳನ್ನು ನಾಲ್ಕು ಫ್ರೆಟ್‌ಗೆ ಚಾಚಬೇಕು ಅಂತ ನಿಯಮವೇನಿಲ್ಲ. ಡಬಲ್ ಬೇಸ್‌ನವರ ಹಳೆಯ ಕ್ರಮ ಇದೆ: ತೋರುಬೆರಳು, ಮಧ್ಯಬೆರಳು, ಆಮೇಲೆ ಉಂಗುರ ಬೆರಳೂ ಕಿರುಬೆರಳೂ ಜೋಡಿಯಾಗಿ. ಮೂರು ಫ್ರೆಟ್ ಮಾತ್ರ ಹಿಡಿಯುವುದು, ಬೇಕಾದಾಗ ಇಡೀ ಕೈ ಸರಿಸುವುದು. ನಾನೂ ಐದನೇ ಫ್ರೆಟ್‌ವರೆಗೆ ಹಾಗೇ ನುಡಿಸುತ್ತೇನೆ.

ಯಾವ ಬೇಸ್ ತಗೊಳ್ಳಲಿ? ನಾಲ್ಕು ತಂತಿಯೋ ಐದೋ?

ನಾಲ್ಕು. ಐದು ತಂತಿಯದರಲ್ಲಿ ಕೆಳಗೆ ಒಂದು ಬಿ ತಂತಿ ಸೇರುತ್ತದೆ. ಈಗಿನ ಸಿನಿಮಾ ಹಾಡುಗಳಿಗೆ ಅದು ಬೇಕಾಗುತ್ತದೆ, ನಿಜ. ಆದರೆ ಬೇಡದ ತಂತಿ ಗುಂಯ್‌ಗುಡದ ಹಾಗೆ ಒತ್ತಿಡುವುದೇ ಬೇಸ್‌ನ ಅರ್ಧ ಕೆಲಸ. ಹೊಸಬರಿಗೆ ಐದನೇ ತಂತಿ ಅಂದರೆ ಇನ್ನೊಂದು ಮಗು ಸಂಭಾಳಿಸಿದ ಹಾಗೆ.

ಬ್ರ್ಯಾಂಡ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಯಮಾಹಾ, ಐಬನೇಜ್, ಕೋರ್ಟ್, ಸ್ಕ್ವಯರ್ ಯಾವುದರಲ್ಲೂ ಶುರುವಿಗೆ ತಕ್ಕ ಮಾಡೆಲ್ ಇದೆ. ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ ಅನ್ನುವುದೊಂದೇ ನನ್ನ ಹಟ. ಇಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಹೋಗುವ ಕೆಲಸ ಇದ್ದಾಗ ಒಂದು ಮಧ್ಯಾಹ್ನ ಇದಕ್ಕೇ ಇಡಿ. ರಾತ್ರಿ ರೈಲಿಗೆ ಹೋಗಿ ಮರುದಿನ ವಾಪಸ್ ಬರಬಹುದು.

ಹಳೆಯ ಬೇಸ್ ಕೊಳ್ಳುವುದಾದರೆ ನಾಲ್ಕು ಪರೀಕ್ಷೆ ಮಾಡಿ. ಬಾಡಿಯ ಕಡೆಯಿಂದ ನೆಕ್‌ನ ಉದ್ದಕ್ಕೂ ಕಣ್ಣು ಹಾಯಿಸಿ, ತಿರುಚಿಕೊಂಡಿದ್ದರೆ ಅಲ್ಲೇ ಬಿಟ್ಟು ಬನ್ನಿ. ಅದಕ್ಕೆ ಮದ್ದಿಲ್ಲ. ನಾಲ್ಕೂ ತಂತಿಯಲ್ಲಿ ಒಂದೊಂದೇ ಫ್ರೆಟ್ ಒತ್ತಿ ಕೇಳಿ, ಎಲ್ಲಾದರೂ ಸ್ವರ ಸತ್ತುಹೋಗುತ್ತದಾ ಅಂತ. ನಾಬ್‌ಗಳನ್ನು ತಿರುಗಿಸಿ, ಕರಕರ ಅಂದರೆ ಧೂಳು, ಅದು ಸರಿಹೋಗುತ್ತದೆ. ಕೊನೆಗೆ 12ನೇ ಫ್ರೆಟ್‌ನ ಮೇಲೆ ತಂತಿಯನ್ನು ಸುಮ್ನೆ ಮುಟ್ಟಿ ಹಾರ್ಮೋನಿಕ್ (ಒತ್ತದೆ ಹೊರಡುವ ಗಂಟೆಯಂಥ ನಾದ) ಎಬ್ಬಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಎರಡೂ ಒಂದೇ ಸ್ವರ ಆಗಿರಬೇಕು. ಸ್ವಲ್ಪ ವ್ಯತ್ಯಾಸ ಇದ್ದರೆ ಬಾಡಿ ಮೇಲೆ ತಂತಿ ಕೂರುವ ಬ್ರಿಡ್ಜ್‌ನ ಸ್ಕ್ರೂನಲ್ಲಿ ಸರಿಮಾಡಬಹುದು.

ಆಕ್ಟಿವ್, ಪ್ಯಾಸಿವ್ ಅಂದರೆ?

ಆಕ್ಟಿವ್ ಬೇಸ್ ಒಳಗೆ 9 ವೋಲ್ಟ್ ಬ್ಯಾಟರಿ, ಪುಟ್ಟ ಸರ್ಕ್ಯೂಟ್ ಇರುತ್ತದೆ. ಪ್ಯಾಸಿವ್‌ನಲ್ಲಿ ಇಲ್ಲ. ಆಕ್ಟಿವ್ ಬೇಸ್‌ಗೆ ಕೇಬಲ್ ಚುಚ್ಚಿದ ಕೂಡಲೇ ಬ್ಯಾಟರಿ ಖರ್ಚಾಗಲು ಶುರು. ನುಡಿಸಿ ಆದಮೇಲೆ ಕೇಬಲ್ ಕೀಳಿ. ಗಣಪತಿ ಪೆಂಡಾಲಿನಲ್ಲಿ ಮೂರನೇ ಹಾಡಿಗೆ ಬ್ಯಾಟರಿ ಸತ್ತು, ನಾನು ಉಳಿದ ಕಾರ್ಯಕ್ರಮ ಪೂರ್ತಿ ನುಡಿಸಿದ ಹಾಗೆ ನಟಿಸಿದ್ದೇನೆ. ಯಾರಿಗೂ ಗೊತ್ತಾಗಲಿಲ್ಲ ಅನ್ನುವುದು ಇನ್ನೂ ದೊಡ್ಡ ನೋವು.

ಆಂಪ್ (ಆಂಪ್ಲಿಫೈಯರ್) ಬೇಕೇ ಬೇಕಾ? ಗಿಟಾರ್ ಆಂಪ್ ನಡೆಯುತ್ತದಾ?

ಮನೆಯ ಅಭ್ಯಾಸಕ್ಕೆ ಹೆಡ್‌ಫೋನ್ ಆಂಪ್ ಸಾಕು. ಜೇಬಲ್ಲಿ ಹಿಡಿಯುವ ಡಬ್ಬಿ ಅದು. ಗಿಟಾರ್ ಆಂಪ್‌ಗೆ ಸಣ್ಣ ದನಿಯಲ್ಲಿ ಹಾಕಿದರೆ ತೊಂದರೆ ಇಲ್ಲ, ಜೋರು ಮಾಡಿದರೆ ಸ್ಪೀಕರ್ ಹರಿಯಬಹುದು. ಡ್ರಮ್ಸ್ ಜೊತೆ ನುಡಿಸುವಾಗ ಲೆಕ್ಕವೇ ಬೇರೆ. ಕೆಳಗಿನ ಸ್ವರ ಕೇಳಿಸಬೇಕಾದರೆ ಜಾಸ್ತಿ ಶಕ್ತಿ ಬೇಕು. 15 ವ್ಯಾಟ್‌ನ ಬೇಸ್ ಆಂಪ್ ಡ್ರಮ್ಸ್ ಮುಂದೆ ಸೊಳ್ಳೆ ಹಾಡಿದ ಹಾಗೆ. 100 ವ್ಯಾಟ್‌ಗಿಂತ ಕಡಿಮೆ ಇದ್ದರೆ ಕಷ್ಟ.

ನಮ್ಮ ಕಾರ್ಯಕ್ರಮಗಳಲ್ಲಿ ಹೇಗೂ ಸೌಂಡ್ ಸಿಸ್ಟಮ್‌ನವರು ಇರುತ್ತಾರೆ. ಅವರ ಮಿಕ್ಸರ್‌ಗೆ ಸೇರಿಸಲು ಒಂದು ಡಿಐ ಬಾಕ್ಸ್ ನಿಮ್ಮದೇ ಇಟ್ಟುಕೊಳ್ಳಿ. ಬೇಸ್‌ನ ಸಿಗ್ನಲ್ ಅನ್ನು ಮೈಕ್ ಕೇಬಲ್‌ಗೆ ಒಗ್ಗಿಸುವ ಡಬ್ಬಿ ಅದು. ಗಿಟಾರ್ ಕೇಬಲ್ ಉದ್ದ ಆದಷ್ಟೂ ಗಲೀಜು ಸದ್ದು ಸೇರುತ್ತದೆ, ಮೇಲಿನ ನಾದ ಸೋರುತ್ತದೆ. ಡಿಐ ಬಾಕ್ಸ್‌ನಿಂದ ಮೈಕ್ ಕೇಬಲ್‌ನಲ್ಲಿ ಕಳಿಸಿದರೆ ಮೈದಾನದ ಆ ತುದಿಗೂ ಶುದ್ಧವಾಗಿ ಹೋಗುತ್ತದೆ. ಬೇಸ್ ಆದಮೇಲೆ ನಾನು ಹೊಸಬರಿಗೆ ಕೊಳ್ಳಲು ಹೇಳುವ ಎರಡನೇ ವಸ್ತು ಟ್ಯೂನರ್, ಮೂರನೆಯದು ಇದು. ಎಫೆಕ್ಟ್ ಪೆಡಲ್ ಪಟ್ಟಿಯಲ್ಲಿ ಹತ್ತನೆಯದೂ ಅಲ್ಲ.

ತಂತಿ ಮುಟ್ಟಿದರೆ ಜುಮ್ ಅನ್ನುತ್ತದೆ. ಏನು ಮಾಡಲಿ?

ತಕ್ಷಣ ನಿಲ್ಲಿಸಿ. ಇದು ತಮಾಷೆ ಅಲ್ಲ. ಮೈಕ್‌ಗೆ ತುಟಿ ತಾಗಿಸಿ, ಕೈಯಲ್ಲಿ ಬೇಸ್ ಹಿಡಿದಾಗ ಹೊಡೆದರೆ ಜೀವಕ್ಕೇ ಅಪಾಯ. ಅರ್ಥಿಂಗ್ ಸರಿ ಇಲ್ಲದ ಹಳೆ ಮನೆಗಳಲ್ಲಿ, ಜನರೇಟರ್ ಮೇಲೆ ನಡೆಯುವ ಜಾತ್ರೆ ಸ್ಟೇಜ್‌ಗಳಲ್ಲಿ ಇದು ಆಗುತ್ತದೆ. ಪ್ಲಗ್‌ನ ಮೂರನೇ ಪಿನ್ ಮುರಿದು ಎರಡು ಪಿನ್‌ನ ಸಾಕೆಟ್‌ಗೆ ತುರುಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ನೋಡಿಸಿ. ಏಪ್ರಿಲ್, ಮೇ ತಿಂಗಳ ಸಿಡಿಲು ಮಳೆಯಲ್ಲಿ ಆಂಪ್‌ನ ಪ್ಲಗ್ ಕಿತ್ತೇ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಮಳೆಗಾಲದಲ್ಲಿ ಬೇಸ್ ಹೇಗೆ ಕಾಪಾಡುವುದು?

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಜುಲೈ ಬಂತೆಂದರೆ ಚಪ್ಪಲಿಗೆ ಬೂಷ್ಟು, ಹಪ್ಪಳ ಮೆತ್ತಗೆ. ಮರದ ವಾದ್ಯ ಬಿಡುತ್ತದಾ?

ಮರ ತೇವ ಹೀರುತ್ತದೆ, ಹಿಗ್ಗುತ್ತದೆ. ನೆಕ್ ಸಾಮಾನ್ಯವಾಗಿ ತಂತಿಯ ಕಡೆಗೆ ಬಾಗುತ್ತದೆ. ತಂತಿ ಎತ್ತರ ಆಗುತ್ತದೆ, ಒತ್ತಲು ಬೆರಳು ನೋಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಉಲ್ಟಾ. ಮರ ಒಣಗಿ ನೆಕ್ ಹಿಂದಕ್ಕೆ ಹೋಗುತ್ತದೆ, ತಂತಿ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತದೆ. ಫ್ರೆಟ್‌ನ ತುದಿಗಳು ಅಂಗೈಗೆ ಚುಚ್ಚುತ್ತವೆ. ಬೇಸ್ ಕೆಟ್ಟುಹೋಯಿತು ಅಂತ ಗಾಬರಿಯಾಗಿ ಫೋನ್ ಮಾಡುತ್ತಾರೆ. ಕೆಟ್ಟಿಲ್ಲ, ಋತು ಬದಲಾಗಿದೆ ಅಷ್ಟೇ.

ಬೇಸ್ ಇಡಬೇಕಾದ್ದು ಪೆಟ್ಟಿಗೆಯಲ್ಲಿ ಅಥವಾ ದಪ್ಪ ಬ್ಯಾಗ್‌ನಲ್ಲಿ, ಒಳಗೆ ಸಿಲಿಕಾ ಜೆಲ್ ಚೀಲಗಳ ಜೊತೆ. ಬಣ್ಣ ಬದಲಾದರೆ ಅದನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ತೇವ ಅಳೆಯುವ ಪುಟ್ಟ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಪೆಟ್ಟಿಗೆಯೊಳಗೆ ಶೇಕಡಾ 45ರಿಂದ 55 ಇದ್ದರೆ ಚೆನ್ನ. ನಮ್ಮ ಮನೆಗಳಲ್ಲಿ ಮಳೆಗಾಲದಲ್ಲಿ 80 ದಾಟುವುದು ಮಾಮೂಲು.

ಎಲ್ಲಿ ಇಡಬಾರದು ಅನ್ನುವುದೂ ಮುಖ್ಯ. ಹೊರಗೋಡೆಗೆ ಒರಗಿಸಬೇಡಿ, ತಣ್ಣನೆಯ ಗೋಡೆ ಬೆವರುತ್ತದೆ. ಅಡುಗೆಮನೆ ಮೇಲಿನ ಅಟ್ಟಕ್ಕೆ ಹಾಕಬೇಡಿ, ಅಲ್ಲಿ ಹೊಗೆ ಮತ್ತು ಬಿಸಿ. ಇನ್ನು ಬಚ್ಚಲ ಒಲೆಯ ಹತ್ತಿರ ಒಣಗಲು ಇಡುವುದು! ಕೊಪ್ಪದ ಕಡೆಯ ಒಬ್ಬ ಶಿಷ್ಯ ಹಾಗೆ ಮಾಡಿದ್ದ. ಒದ್ದೆ ಬಟ್ಟೆಗೆ ಸರಿ, ಬೇಸ್‌ಗೆ ಅಲ್ಲ. ನೆಕ್‌ನ ಮೇಲ್ಪಟ್ಟಿಯಾದ ಫಿಂಗರ್‌ಬೋರ್ಡ್ ಅಂಟು ಬಿಟ್ಟುಕೊಂಡು ಮೇಲೆದ್ದಿತ್ತು.

ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಲ್ಲಿ ತಂತಿಯ ಮೇಲೂ ಕೆಳಗೂ ಒರೆಸಿ. ಒಂದು ನಿಮಿಷದ ಕೆಲಸ. ಬೆವರೂ ತೇವವೂ ಸೇರಿದರೆ ತಂತಿಗೆ ತುಕ್ಕು ಹಿಡಿಯಲು ವಾರ ಸಾಕು. ಎಲ್ಲಕ್ಕಿಂತ ಒಳ್ಳೆಯ ಮದ್ದು ದಿನಾ ನುಡಿಸುವುದು. ಮೂರು ತಿಂಗಳು ಬ್ಯಾಗ್‌ನಲ್ಲಿ ಮಲಗಿದ ಬೇಸೇ ಮೊದಲು ಬೂಷ್ಟು ಹಿಡಿಯುವುದು.

ಟ್ರಸ್ ರಾಡ್ ನಾನೇ ತಿರುಗಿಸಬಹುದಾ?

ತಾಳ್ಮೆ ಇದ್ದರೆ ಮಾತ್ರ. ನೆಕ್‌ನೊಳಗೆ ಒಂದು ಕಬ್ಬಿಣದ ಸಲಾಕೆ ಇರುತ್ತದೆ, ತಂತಿಗಳ ಎಳೆತಕ್ಕೆ ಎದುರಾಗಿ ನೆಕ್ ಹಿಡಿದು ನಿಲ್ಲಿಸುವುದು ಅದರ ಕೆಲಸ. ಮೊದಲು ಬೇಸ್ ಶ್ರುತಿ ಮಾಡಿ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. ನಡುವೆ, ಏಳೆಂಟನೇ ಫ್ರೆಟ್ ಹತ್ತಿರ, ತಂತಿಗೂ ಫ್ರೆಟ್‌ಗೂ ಮಧ್ಯೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ದಪ್ಪ ಅಂದುಕೊಳ್ಳಿ. ಸಂದು ಜಾಸ್ತಿ ಇದ್ದರೆ ಗಡಿಯಾರದ ದಿಕ್ಕಿಗೆ ಬಿಗಿ ಮಾಡಿ, ಸಂದೇ ಇಲ್ಲದಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ ಶ್ರುತಿ ಮಾಡಿ, ಒಂದು ದಿನ ಬಿಟ್ಟು ನೋಡಿ.

ಅಳತೆಗೆ ಸರಿಯಾದ ಅಲೆನ್ ಕೀ ಇಲ್ಲದೆ ಕೈ ಹಾಕಬೇಡಿ. ನನ್ನ ಮೊದಲ ಬೇಸ್‌ನ ನಟ್ಟನ್ನು ಸೈಕಲ್ ರಿಪೇರಿ ಕೀಯಿಂದ ತಿರುಗಿಸಲು ಹೋಗಿ ಸವೆಸಿಬಿಟ್ಟಿದ್ದೆ. ಆ ಬೇಸ್ ಈಗ ಗೋಡೆ ಮೇಲಿದೆ, ಒಳಗೋಡೆ ಮೇಲೆ.

ತಂತಿ ಎಷ್ಟು ದಿನಕ್ಕೆ ಬದಲಿಸಬೇಕು?

ಬೇಸ್ ತಂತಿಯ ಸೆಟ್ ದುಬಾರಿ, ಗಿಟಾರ್ ಸೆಟ್‌ಗಿಂತ ಎಷ್ಟೋ ಪಟ್ಟು. ಹಾಗಾಗಿ ಗಿಟಾರ್‌ನವರ ಹಾಗೆ ತಿಂಗಳಿಗೊಮ್ಮೆ ಬದಲಿಸಲು ಹೋಗಬೇಡಿ. ತುಕ್ಕು ಕಂಡರೆ, ಶ್ರುತಿ ನಿಲ್ಲದಿದ್ದರೆ, ನಾದ ಪೂರ್ತಿ ಮಂಕಾದರೆ ಬದಲಿಸಿ. ಸಾಮಾನ್ಯ ಬಳಕೆಗೆ 45ರಿಂದ 105ರ ಸೆಟ್ ಕೇಳಿ. ಅಂದರೆ ಜಿ ತಂತಿ 0.045 ಇಂಚು, ಇ ತಂತಿ 0.105 ಇಂಚು ದಪ್ಪ.

ಮೇಲ್ಮೈ ಒರಟಾಗಿರುವುದು ರೌಂಡ್‌ವೂಂಡ್, ನಾದ ಝಣಝಣ. ನುಣ್ಣಗಿರುವುದು ಫ್ಲಾಟ್‌ವೂಂಡ್, ನಾದ ಗುಂಡಗೆ, ಮೆತ್ತಗೆ. ನಮ್ಮ ಹವಾಮಾನಕ್ಕೆ ಫ್ಲಾಟ್‌ವೂಂಡ್ ಬಾಳಿಕೆ ಜಾಸ್ತಿ ಅನ್ನುವುದು ನನ್ನ ಅನುಭವ, ಸುರುಳಿಗಳ ನಡುವೆ ಕೊಳೆ ಕೂರುವುದಿಲ್ಲ. ಅಮೆರಿಕದ ಜೇಮ್ಸ್ ಜೇಮರ್ಸನ್ ಫ್ಲಾಟ್‌ವೂಂಡ್ ತಂತಿಗಳನ್ನು ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ ಅನ್ನುತ್ತಾರೆ. 1960ರ ದಶಕದ ಮೋಟೌನ್ (ಅಮೆರಿಕದ ಒಂದು ರೆಕಾರ್ಡ್ ಕಂಪನಿ) ಹಾಡುಗಳ ಬೇಸ್ ಬಹುಪಾಲು ಅವರದು. ಬಲಗೈಯ ಒಂದೇ ತೋರುಬೆರಳಲ್ಲಿ ನುಡಿಸುತ್ತಿದ್ದರು.

ದುಡ್ಡಿಲ್ಲದ ತಿಂಗಳಿಗೆ ಒಂದು ಹಳೆ ಉಪಾಯ: ರೌಂಡ್‌ವೂಂಡ್ ತಂತಿ ಬಿಚ್ಚಿ ಹತ್ತು ನಿಮಿಷ ಕುದಿಯುವ ನೀರಲ್ಲಿ ಹಾಕಿ, ಚೆನ್ನಾಗಿ ಒರೆಸಿ ಒಣಗಿಸಿ. ಕೆಲವು ದಿನ ಹೊಳಪು ವಾಪಸ್ ಬರುತ್ತದೆ. ಬೇರೆ ಪಾತ್ರೆ ಇಟ್ಟುಕೊಳ್ಳಿ, ಅಮ್ಮನ ಸಾರಿನ ಪಾತ್ರೆ ಬೇಡ.

ಕೈ ನೋಯುತ್ತದೆ. ಸಹಜಾನಾ?

ಬೆರಳ ತುದಿ ಉರಿಯುವುದು ಸಹಜ, ಕೆಲವು ವಾರದಲ್ಲಿ ಗಟ್ಟಿಯಾಗುತ್ತದೆ. ಮಣಿಕಟ್ಟು ನೋಯುವುದು, ಬೆರಳು ಜೋಮು ಹಿಡಿಯುವುದು ಸಹಜ ಅಲ್ಲ. ಹೆಚ್ಚಿನ ಸಲ ತಪ್ಪು ಹೆಗಲ ಪಟ್ಟಿಯದು: ಬೇಸನ್ನು ತೊಡೆವರೆಗೆ ಇಳಿಬಿಟ್ಟರೆ ನೋಡಲು ಸ್ಟೈಲ್, ಆದರೆ ಮಣಿಕಟ್ಟು ಪೂರ್ತಿ ಮಡಚಿಕೊಳ್ಳುತ್ತದೆ. ಕೂತಾಗ ಇರುವ ಎತ್ತರದಲ್ಲೇ ನಿಂತಾಗಲೂ ಇರುವ ಹಾಗೆ ಪಟ್ಟಿ ಕಟ್ಟಿ. ಫ್ರೆಟ್‌ಗೆ ತಾಗಿಕೊಂಡ ಹಾಗೆ, ಅದರ ಹಿಂದೆಯೇ ಒತ್ತಿ. ಆಗ ಅರ್ಧ ಬಲ ಸಾಕು. ನೋವು ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಬಲಗೈ ಅಭ್ಯಾಸ ಹೇಗೆ?

ತೋರುಬೆರಳು, ಮಧ್ಯಬೆರಳು, ಒಂದಾದಮೇಲೊಂದು. ಬೆರಳು ತಂತಿ ಎಳೆದು ಪಕ್ಕದ ದಪ್ಪ ತಂತಿಯ ಮೇಲೆ ಹೋಗಿ ಕೂರಬೇಕು. ಹೀಗೆ ಕೂತರೆ ಆ ತಂತಿಯೂ ಸುಮ್ಮನಿರುತ್ತದೆ. ಹೆಬ್ಬೆರಳು ಮೊದಲು ಪಿಕಪ್ ಮೇಲೆ, ಅಂದರೆ ತಂತಿಯ ಕೆಳಗೆ ನಾದ ಹಿಡಿಯುವ ಅಯಸ್ಕಾಂತದ ತುಂಡಿನ ಮೇಲೆ. ತೆಳು ತಂತಿಗೆ ಹೋದಾಗ ಹೆಬ್ಬೆರಳೂ ಇಳಿದು ಇ ತಂತಿ ಮೇಲೆ ಕೂರಲಿ. ಪಿಕ್ (ತಂತಿ ಮೀಟುವ ಪ್ಲಾಸ್ಟಿಕ್ ಚೂರು) ಹಿಡಿದು ನುಡಿಸಿದರೆ ತಪ್ಪೇನಿಲ್ಲ. ಅಮೆರಿಕದ ಕ್ಯಾರಲ್ ಕೇ ಸಾವಿರಾರು ರೆಕಾರ್ಡಿಂಗ್‌ಗಳಲ್ಲಿ ಪಿಕ್‌ನಲ್ಲೇ ನುಡಿಸಿದವರು.

ಸ್ಲ್ಯಾಪ್ ಯಾವಾಗ ಕಲಿಸುತ್ತೀರಿ?

ಹುಡುಗರು ಬಂದ ಮೊದಲ ದಿನವೇ ಕೇಳುವ ಪ್ರಶ್ನೆ. ವರ್ಷ ಕಳೆಯಲಿ. ಈ ಶೈಲಿ ಶುರು ಮಾಡಿದವರು ಅಂತ ಹೆಸರಾದ ಲ್ಯಾರಿ ಗ್ರಹಾಂ, ತಾಯಿಯ ತಂಡದಲ್ಲಿ ಡ್ರಮ್ಮರ್ ಇಲ್ಲದ್ದಕ್ಕೆ ಹೆಬ್ಬೆರಳಲ್ಲಿ ತಂತಿ ಗುದ್ದಿ ಆ ಜಾಗ ತುಂಬಿದರು. ನಿಮ್ಮ ತಂಡದಲ್ಲಿ ಡ್ರಮ್ಮರ್ ಇದ್ದಾನಲ್ಲ?

ಲಯ ಗಟ್ಟಿಯಾಗಲು ಏನು ಮಾಡಬೇಕು?

ಟಿಕ್ ಟಿಕ್ ಅಂತ ಲಯ ಕೊಡುವ ಮೆಟ್ರೊನೋಮ್ ಫೋನ್‌ನಲ್ಲೇ ಸಿಗುತ್ತದೆ. ನಿಮಿಷಕ್ಕೆ 60 ಟಿಕ್‌ಗೆ ಇಡಿ. ಒಂದು ಟಿಕ್‌ಗೆ ಒಂದು ಸ್ವರ. 60 ಸುಲಭ ಅನ್ನಿಸುತ್ತದೆ, ಅಲ್ವಾ? 120ಕ್ಕಿಂತ ಕಷ್ಟ. ನಡುವಿನ ಜಾಗ ದೊಡ್ಡದು, ಅಲ್ಲಿ ನಾವು ಓಡುತ್ತೇವೆ. ಸ್ವರ ಸರಿಯಾಗಿ ಟಿಕ್ ಮೇಲೆ ಬಿದ್ದರೆ ಟಿಕ್ ಕೇಳಿಸುವುದೇ ಇಲ್ಲ, ಸ್ವರದೊಳಗೆ ಮುಚ್ಚಿಹೋಗುತ್ತದೆ. ಹಾಗೆ ಟಿಕ್ ಮಾಯವಾಗುವವರೆಗೆ ನುಡಿಸಿ. ಆಮೇಲೆ ಆ ಟಿಕ್‌ಗಳನ್ನು ನಾಲ್ಕರ ಎಣಿಕೆಯಲ್ಲಿ ಎರಡು, ನಾಲ್ಕು ಅಂದುಕೊಂಡು ನುಡಿಸಿ. ಒಂದು, ಮೂರನ್ನು ನೀವೇ ಹುಡುಕಬೇಕು.

ಇನ್ನೊಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಸ್ವರ ಎಲ್ಲಿ ಶುರು ಅನ್ನುವಷ್ಟೇ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೂ ಮುಖ್ಯ. ಡ್ರಮ್ಮರ್‌ನ ಸ್ನೇರ್ (ಟಪ್ ಅನ್ನುವ ಡ್ರಮ್) ಬೀಳುವ ಕ್ಷಣಕ್ಕೆ ಸರಿಯಾಗಿ ನಿಮ್ಮ ಸ್ವರ ನಿಲ್ಲಿಸಿ ನೋಡಿ. ಅದೇ ಹಾಡು, ಅದೇ ಸ್ವರ, ಆದರೆ ಕೇಳುವವರ ಕಾಲು ತಾನಾಗಿ ಅಲ್ಲಾಡುತ್ತದೆ. ಡ್ರಮ್ಮರ್‌ನ ದೊಡ್ಡ ಡ್ರಮ್ ಬಾರಿಸುವ ಬಲಗಾಲು ನೋಡಿಕೊಂಡೇ ನುಡಿಸಿ, ಜನರನ್ನು ಆಮೇಲೆ ನೋಡಬಹುದು.

ಥಿಯರಿ ಕಲಿಯಲೇಬೇಕಾ? ನನಗೆ ಸಂಗೀತ ಕ್ಲಾಸಿನ ಸರಳೆ ಮಾತ್ರ ಗೊತ್ತು.

ಸರಳೆ ಗೊತ್ತಿದ್ದರೆ ಅರ್ಧ ದಾರಿ ಬಂದಿದ್ದೀರಿ. ಪಾಶ್ಚಾತ್ಯರ ಮೇಜರ್ ಸ್ಕೇಲ್ ಅಂದರೆ ನಮ್ಮ 29ನೇ ಮೇಳಕರ್ತ ಧೀರಶಂಕರಾಭರಣದ ಸ್ವರಗಳು. ನ್ಯಾಚುರಲ್ ಮೈನರ್ ಅಂದರೆ ನಟಭೈರವಿ. ಡೋರಿಯನ್ ಅಂತ ದೊಡ್ಡದಾಗಿ ಹೇಳುತ್ತಾರಲ್ಲ, ಅದು ಖರಹರಪ್ರಿಯ. ಮಿಕ್ಸೊಲಿಡಿಯನ್ ಹರಿಕಾಂಭೋಜಿ, ಲಿಡಿಯನ್ ಮೇಚಕಲ್ಯಾಣಿ. ಮೇಜರ್ ಪೆಂಟಟಾನಿಕ್ ಅಂದರೆ ಮೋಹನ. ಸ್ವರಸ್ಥಾನ ಒಂದೇ ಅಂತ ರಾಗವೇ ಬಂತು ಅಂದುಕೊಳ್ಳಬೇಡಿ. ಗಮಕ, ಸಂಚಾರ ಬೇರೆ ಕಥೆ. ಬೇಸ್‌ಗೆ ಸದ್ಯಕ್ಕೆ ಸ್ವರಸ್ಥಾನ ಸಾಕು.

ಎ ತಂತಿಯ ಮೂರನೇ ಫ್ರೆಟ್ ಷಡ್ಜ ಆಗಿರಲಿ. ಅದು ಸಿ, ಹಾರ್ಮೋನಿಯಂನವರ ಬಿಳಿ ಒಂದು. ಎ ತಂತಿಯಲ್ಲಿ 3, 5 ಸ ರಿ. ಡಿ ತಂತಿಯಲ್ಲಿ 2, 3, 5 ಗ ಮ ಪ. ಜಿ ತಂತಿಯಲ್ಲಿ 2, 4, 5 ದ ನಿ ಸ. ಶಂಕರಾಭರಣ ಮುಗಿಯಿತು. ಗಾಯಕರು ಕಪ್ಪು ಒಂದು ಅಂದರೆ ಇಡೀ ಕೈಯನ್ನು ಒಂದು ಫ್ರೆಟ್ ಮೇಲೆ ಸರಿಸಿ. ಕೀಬೋರ್ಡ್‌ನವರ ಹಾಗೆ ಹೊಸ ಬೆರಳು ವಿನ್ಯಾಸ ಕಲಿಯಬೇಕಾಗಿಲ್ಲ. ಬೇಸ್‌ನ ದೊಡ್ಡ ಅನುಕೂಲ ಇದೇ.

ಇನ್ನು ಎರಡು ಗುಟ್ಟು. ಷಡ್ಜ ಹಿಡಿದ ಫ್ರೆಟ್‌ನಲ್ಲೇ ಪಕ್ಕದ ದಪ್ಪ ತಂತಿ ನುಡಿಸಿದರೆ ಮಂದ್ರದ ಪಂಚಮ. ತೆಳು ತಂತಿಗಳ ಕಡೆ ಎರಡನೇ ತಂತಿಯಲ್ಲಿ ಎರಡು ಫ್ರೆಟ್ ಮುಂದೆ ಹೋದರೆ ಮೇಲಿನ ಷಡ್ಜ. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮೇಜರ್ ಆಗಲಿ ಮೈನರ್ ಆಗಲಿ, ಸ ಪ ಎರಡಕ್ಕೂ ಒಗ್ಗುತ್ತದೆ. ಗಾಂಧಾರದಲ್ಲಿ ಮಾತ್ರ ವ್ಯತ್ಯಾಸ. ಬರೀ ಸ ಪ ಸ ಹಿಡಿದು ನೂರು ಹಾಡು ನುಡಿಸಬಹುದು, ಎಷ್ಟೋ ಕಾರ್ಯಕ್ರಮ ನಾನು ಹಾಗೇ ಕಳೆದಿದ್ದೇನೆ. ಆಮೇಲೆ ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಮೆಟ್ಟಿಲಾಗಿ ಒಂದು ಸ್ವರ ಸೇರಿಸಿ. ಅಲ್ಲಿಂದ ಬೇಸ್ ಲೈನ್ ಹುಟ್ಟುತ್ತದೆ.

ಯಾರನ್ನು ಕೇಳಿ ಕಲಿಯಲಿ?

ಇಳಯರಾಜಾ ಅವರ 80ರ ದಶಕದ ಹಾಡುಗಳು, ಕನ್ನಡದವೂ ಸೇರಿ. ಅಲ್ಲಿ ಬೇಸ್ ಹಿಂದೆ ನಿಲ್ಲುವುದಿಲ್ಲ, ಹಾಡುತ್ತದೆ. ಎ.ಆರ್. ರೆಹಮಾನ್ ಅವರ ಎಷ್ಟೋ ಹಾಡುಗಳಿಗೆ ನುಡಿಸಿದ ಕೀತ್ ಪೀಟರ್ಸ್. ಮುಂಬೈನ ಮೋಹಿನಿ ಡೇ, ಬಾಯಲ್ಲಿ ತಾಳದ ಸೊಲ್ಲು ಹೇಳುವ ಕೊನ್ನಕ್ಕೋಲ್‌ನ ಲೆಕ್ಕವನ್ನು ತಂತಿಗೆ ತಂದವರು. ಮೊದಲು ಬೇಸ್ ಲೈನನ್ನು ಬಾಯಲ್ಲಿ ಹಾಡಿ, ಆಮೇಲೆ ಕೈಯಲ್ಲಿ ಹುಡುಕಿ. ಬಾಯಿಗೆ ಬಾರದ್ದು ಕೈಗೆ ಬಂದರೂ ನಿಲ್ಲುವುದಿಲ್ಲ.

ಶೀಟ್ ಮನೆ. ಮಳೆ ಸದ್ದಲ್ಲಿ ಏನೂ ಕೇಳಿಸುವುದಿಲ್ಲ. ಕರೆಂಟೂ ಇರುವುದಿಲ್ಲ.

ಬೇಸ್‌ನ ತಲೆಯ ತುದಿಯನ್ನು ಮರದ ಬೀರುವಿಗೆ ಒತ್ತಿ ಹಿಡಿದು ನುಡಿಸಿ. ಬೀರು ಇಡೀ ಆಂಪ್ ಆಗುತ್ತದೆ. ಟ್ಯೂನಿಂಗ್ ಕೀಗೆ ಪೆಟ್ಟಾಗದ ಹಾಗೆ ಮಧ್ಯೆ ಒಂದು ಬಟ್ಟೆ ಇರಲಿ.

ರಸಮಂಜರಿ ತಂಡದಲ್ಲಿ ಕೀಬೋರ್ಡ್‌ನವರೇ ಎಡಗೈಯಲ್ಲಿ ಬೇಸ್ ನುಡಿಸುತ್ತಾರೆ. ನನಗೆ ಜಾಗ ಎಲ್ಲಿ?

ಇದು ನಿಜವಾದ ಸಮಸ್ಯೆ. ಒಬ್ಬರ ಸಂಭಾವನೆ ಉಳಿಯುತ್ತದೆ ಅಂತ ತಂಡದವರೂ ಹಾಗೇ ನಡೆಸುತ್ತಾರೆ. ಇಬ್ಬರೂ ಒಟ್ಟಿಗೆ ಬೇಸ್ ನುಡಿಸಿದರೆ ಕೆಸರು ಕಲಸಿದ ಹಾಗೆ ಕೇಳಿಸುತ್ತದೆ. ಜಗಳ ಆಡಬೇಡಿ. ರಿಹರ್ಸಲ್ ದಿನ ಕೀಬೋರ್ಡ್ ಅಣ್ಣನ ಪಕ್ಕ ಕೂತು ಕಾಫಿ ಕೊಡಿಸಿ, ಎರಡು ಹಾಡಿಗೆ ಮಾತ್ರ ಎಡಗೈ ಬಿಡಿ ಅಂತ ಕೇಳಿ. ಭಾವಗೀತೆ ಆರಿಸಿ. ಅಲ್ಲಿ ನಿಧಾನದ ಉದ್ದ ಸ್ವರಗಳು ಬೇಕು, ಬೆರಳಿನ ಬೇಸ್ ಚೆನ್ನಾಗಿ ಉಸಿರಾಡುತ್ತದೆ. ಎಡಗೈ ಖಾಲಿಯಾದರೆ ಅವರಿಗೂ ಸ್ಟ್ರಿಂಗ್ಸ್, ಕೊಳಲಿನ ಬಿಟ್‌ಗಳನ್ನು ಆರಾಮಾಗಿ ನುಡಿಸಲು ಆಗುತ್ತದೆ. ನನ್ನ ವಿಷಯದಲ್ಲಿ ಎರಡು ಹಾಡು ಆರಾಯಿತು. ಮುಂದಿನ ಗಣಪತಿಗೆ ಪೂರ್ತಿ ಕಾರ್ಯಕ್ರಮಕ್ಕೆ ಅವರೇ ಫೋನ್ ಮಾಡಿದರು. ಸಂಭಾವನೆ ಮಾತ್ರ ಅವರದಕ್ಕಿಂತ ಇನ್ನೂ ಕಡಿಮೆ.